ಎಂಟು, ಇಪ್ಪತ್ತೆರಡು

ಪೇಟೆ ಬೀದಿಯ ಅಂಗಡಿಯಲ್ಲಿ ಮರಿಲಿಂಗಣ್ಣ
ಎರಡು ರೀಲು ಮುಂದಿಡುತ್ತಾನೆ.
ಇದು ಎಂಟು, ಇದು ಇಪ್ಪತ್ತೆರಡು.
ಎರಡೂ ಬದನೆ ಹೂವಿನ ಬಣ್ಣ.
ಕಣ್ಣಿಗೆ ಭೇದವಿಲ್ಲ, ಹಲ್ಲಿಗಿದೆ:
ಒಂದು ಕಚ್ಚುವ ಮುಂಚೆಯೇ ತುಂಡು,
ಇನ್ನೊಂದಕ್ಕೆ ಕತ್ತರಿ ಹುಡುಕಬೇಕು.

ರೀಲಿಗೆ ಮೂರು ರವಿಕೆ.
ತಿಂಗಳಿಗೆ ನಲವತ್ತು, ಗೌರಿ ಹಬ್ಬದ ತಿಂಗಳು ಬಿಟ್ಟು.
ಮಿಷನ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದ್ದೇನೆ,
ಅಳಿಸಿ ಮತ್ತೆ ಹಾಕಿದ್ದೇನೆ.
ವ್ಯತ್ಯಾಸ ಇನ್ನೂರಕ್ಕೆ ಹದಿಮೂರು ಕಮ್ಮಿ.
ಅಂದರೆ ಗುತ್ತಲಿನ ನಮ್ಮ ಮನೆಗೆ
ಒಂದು ವಾರದ ಹಾಲು.

ಬರುವವರು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ,
ಲೈನಿಂಗ್ ಉಜ್ಜಿ ನೋಡುತ್ತಾರೆ.
ಹುಕ್ಕು ಮುಂದೆ, ಹಿಂದೆ ಲಾಡಿ, ಗೊಂಡೆ ಬೇಡ,
ಮುನ್ನೂರೈವತ್ತು ಜಾಸ್ತಿ ಆಯ್ತು ಕಣಕ್ಕ, ಮುನ್ನೂರಿಪ್ಪತ್ತು ಮಾಡು.
ಹೊಲಿಯುವ ದಾರ ಯಾವುದು ಅಂತ
ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಕೇಳದ್ದಕ್ಕೆ ಒಂದು ಉಪಾಯ ಮಾಡಿದೆ.
ಮೇಲೆ ಸೂಜಿಗೆ ಇಪ್ಪತ್ತೆರಡು,
ಕೆಳಗೆ ಬಾಬಿನ್ನಿಗೆ ಎಂಟು.
ನೋಡಿದರೆ ಹೊಲಿಗೆ ಸಾಸಿವೆ ಸಾಲಿನಂತೆ ಕೂತಿತ್ತು.
ಎರಡು ದಾರ ಒಂದನ್ನೊಂದು ಹಿಡಿದರೆ ತಾನೆ ಹೊಲಿಗೆ,
ಗಟ್ಟಿಯದು ಸೊರಗಿದ್ದನ್ನೂ ಎಳೆದುಕೊಂಡು ಹೋಗುತ್ತದೆ
ಅಂದುಕೊಂಡೆ. ಮನೆಗಳಲ್ಲೂ ಹಾಗೇ ಅಲ್ಲವೆ.

ಆರು ತಿಂಗಳು ಏನೂ ಆಗಲಿಲ್ಲ.
ಬಾಬಿನ್ ಕೇಸಿನೊಳಗೆ ನುಣ್ಣನೆ ಹತ್ತಿಪುಡಿ ಸೇರಿತು, ಅಷ್ಟೆ.
ಊದಿದರೆ ಹಾರುತ್ತಿತ್ತು.

ಆಮೇಲೆ ನಂಜಮಣಿ ಬಂದಳು.
ಸಕ್ಕರೆ ಕಾರ್ಖಾನೆಯ ಹತ್ತಿರದ ಮೆಸ್ಸಿನಲ್ಲಿ
ಇನ್ನೂರು ಜನದ ಮುದ್ದೆಗೆ ಹಿಟ್ಟು ತೊಳಸುವವಳು.
ಅಂಥ ಸೆಖೆಯಲ್ಲೂ ಸೆರಗು ಹೊದ್ದೇ ಕೂತಳು.
ಬಾಗಿಲು ಮುಂದೆ ಮಾಡಿಸಿ ತೋರಿಸಿದಳು,
ಕಂಕುಳಿಂದ ಕೆಳಗೆ ಪಕ್ಕದ ಹೊಲಿಗೆ ಪೂರ್ತಿ ಬಿಚ್ಚಿತ್ತು.
"ತೊಳಸ್ತಾ ಇದ್ದಂಗೆ ಪಟಪಟ ಅಂತು ಕಣಕ್ಕ,
ಬಡ್ಸೋ ಹುಡುಗ್ರೆಲ್ಲ ಅಲ್ಲೇ ಇದ್ರು."
ಬೈಯಲಿಲ್ಲ. ಬೈದಿದ್ದರೆ
ಮುನ್ನೂರಿಪ್ಪತ್ತರ ಮಾತು ನಾನೂ ಎತ್ತುತ್ತಿದ್ದೆ.
ಬಟ್ಟೆ ಹೊಸದಾಗೇ ಇತ್ತು.
ಮೇಲಿನ ದಾರ ಎಲ್ಲೂ ಕಡಿದಿರಲಿಲ್ಲ,
ಹಿಡಿಯಲು ಏನೂ ಇಲ್ಲದೆ
ಉದ್ದಕ್ಕೂ ಜೋತುಬಿದ್ದಿತ್ತು.

ಅವತ್ತಿಂದ ಕೆಳಗೂ ಇಪ್ಪತ್ತೆರಡು.
ಬಾಡಿಗೆ ಕಟ್ಟುವ ವಾರ ಕೈ ಹಿಂದೆ ಮುಂದೆ ಆಡುತ್ತದೆ,
ಸುಳ್ಳು ಯಾಕೆ ಹೇಳಲಿ.
ಕೊಟ್ಟದ್ದು ವಾಪಸು ಬಂತೆ? ಬಂದಿಲ್ಲ.
ಹೊಲಿಗೆ ಬಿಚ್ಚಲಿಲ್ಲ ಎಂದು ಹೇಳಲು
ಯಾರು ಆಟೋ ಹತ್ತಿ ಬರುತ್ತಾರೆ?
ನನ್ನ ರವಿಕೆ ಮಾತ್ರ ಉಳಿದ ತುದಿಗಳದ್ದು,
ಒಳಮೈ ತಿರುಗಿಸಿದರೆ ಹಸಿರು, ಕುಂಕುಮ,
ಅರ್ಧ ತೋಳು ಬದನೆ ಹೂವು.

ಹಾಗಂತ ಎಂಟರ ರೀಲು ಕೊಳ್ಳುವುದನ್ನು ಬಿಟ್ಟಿಲ್ಲ.
ಇವತ್ತು ಧನುಶ್ರೀಯ ಶಾಲೆ ಲಂಗ ಬಂದಿದೆ,
ಐದನೇ ಕ್ಲಾಸು, ಕಬ್ಬಿನ ಸುಳಿಯ ಹಾಗೆ ಏಳುವ ಹುಡುಗಿ.
ಪಕ್ಕಕ್ಕೆ, ಸೊಂಟದ ಪಟ್ಟಿಗೆ ಇಪ್ಪತ್ತೆರಡು.
ಕೆಳಗೆ ನಾಲ್ಕು ಬೆರಳು ಒಳಕ್ಕೆ ಮಡಚಿ
ಅಂಚಿಗೆ ಎಂಟನ್ನು ಪೋಣಿಸುತ್ತೇನೆ.
ಬರುವ ಜೂನಿನಲ್ಲಿ ಅವಳಮ್ಮ
ಹೇರ್‌ಪಿನ್ನಿನಿಂದ ಒಂದು ಕಡೆ ಮೀಟಿದರೆ
ಸರ್ರನೆ ಬಂದುಬಿಡಬೇಕು ಅದು,
ಬಟ್ಟೆಗೆ ನೋವಾಗದ ಹಾಗೆ.