ಒಂಬತ್ತೂ ಚಿಲ್ಲರೆ ಸೆಕೆಂಡು

ಗುದೈಬಿಯಾದ ಸಂದಿಯಲ್ಲಿ ನಮ್ಮ ಅಂಗಡಿ,
ಎಡಕ್ಕೆ ಕುಬೂಸಿನ ಒಲೆ, ಬಲಕ್ಕೆ ದರ್ಜಿ.
ಒಳಕೋಣೆಯಲ್ಲಿ ನಾನು, ಆರು ಮೆಷಿನ್ನು,
ಒಂದು ತಾಯಿ ಕ್ಯಾಸೆಟ್ಟು, ಐದು ಮರಿ.

ಚಂದ್ರನಿಗೆ ಹೋದವರ ಚಿತ್ರ ಬಂದದ್ದು
ಲಂಡನ್ನಿನಿಂದ, ಯಾರದೋ ಸೂಟ್‌ಕೇಸಿನಲ್ಲಿ.
ತಾಯಿಯಲ್ಲಿ ಚಂದ್ರ ಬೂದಿ ಬಣ್ಣ,
ಮರಿಯಲ್ಲಿ ನೀಲಿ,
ಮರಿಯ ಮರಿಯಲ್ಲಿ ಕಾವಲಿ ಬಿಡದ ನೀರುದೋಸೆ.
ಗಿರಾಕಿ ಕೇಳಿದರೆ, "ಅಲ್ಲಿ ಹಾಗೇ ಇರುವುದು" ಎನ್ನುತ್ತಿದ್ದೆ.
ಹೋಗಿ ನೋಡಿದವರು ಯಾರು?

ಏರ್‌ಪೋರ್ಟಿನಲ್ಲಿ ಹದಿನೈದು ದಿನ ಇಟ್ಟುಕೊಂಡು
ಮುದ್ರೆ ಒತ್ತಿ ಕೊಟ್ಟಿದ್ದರು.
ಕತ್ತರಿ ಬಿದ್ದದ್ದು ಒಂದೇ ಕಡೆ:
ಹೊರಡುವ ಮುನ್ನ ಹೆಂಡತಿ ಹತ್ತಿರ ಬರುತ್ತಾಳೆ,
ಮುಖ ಎತ್ತುತ್ತಾಳೆ,
ಸರ್ರನೆ ಒಂದು ಬಿಳಿ ಗೆರೆ,
ಗಂಡ ಆಗಲೇ ವ್ಯಾನಿನೊಳಗೆ, ಹೆಲ್ಮೆಟ್ಟು ಹಾಕಿಕೊಂಡು.
ಆ ಗೆರೆಯಲ್ಲಿ ಏನಿತ್ತೆಂದು
ನಮ್ಮ ರೂಮಿನ ಹನ್ನೊಂದು ಮಂದಿಗೂ ಗೊತ್ತಿತ್ತು.
ನಾವು ವಿಮಾನ ಹತ್ತಿದ್ದೂ ಅಂಥದೇ ಒಂದನ್ನು ದಾಟಿ.

ಗುರುವಾರ ರಾತ್ರಿ ವಾಮನ ಬಂಗೇರ ಬರುತ್ತಿದ್ದ,
ಹಡಗು ರಿಪೇರಿಯ ಡಾಕಿನಲ್ಲಿ ಕ್ರೇನು ನಡೆಸುವವ.
ಸಿನಿಮಾ ಬೇಡ, ಕುಸ್ತಿ ಬೇಡ,
"ಆ ರಾಕೆಟ್ಟು ಕೊಡು ಮಾರಾಯ."
ನೋಡುತ್ತಿದ್ದದ್ದು ರಾಕೆಟ್ಟನ್ನಲ್ಲ,
ಪಕ್ಕದ ಕಬ್ಬಿಣದ ಗೋಪುರವನ್ನು,
ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವ ಅದರ ಕೈಗಳನ್ನು.
"ಇಳಿದವನ ಹೆಸರು ಮಕ್ಕಳಿಗೂ ಗೊತ್ತು,
ಈ ಕೈ ಎಳೆದವ ಯಾರು?
ಅರ್ಧ ಸೆಕೆಂಡು ತಡವಾದರೆ ಎಲ್ಲ ಢಮಾರ್."
ಹಿಂದಕ್ಕೆ ಸುತ್ತಿ ಮತ್ತೆ, ಮತ್ತೆ.
ಟೇಪು ಅಲ್ಲೇ ಸವೆಯಿತು, ಚಪ್ಪಲಿಯ ಹಿಮ್ಮಡಿಯ ಹಾಗೆ.

ಕೈಗಡಿಯಾರ ಹಿಡಿದು ಕಂಡುಹಿಡಿದವನೂ ಅವನೇ:
ಹತ್ತರಿಂದ ಸೊನ್ನೆಗೆ ಇಲ್ಲಿ ಹತ್ತು ಸೆಕೆಂಡಿಲ್ಲ,
ಒಂಬತ್ತೂ ಚಿಲ್ಲರೆ.
ಫಿಲ್ಮಿಗೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ,
ನಮ್ಮ ಟಿವಿಗೆ ಇಪ್ಪತ್ತೈದು,
ಹಾಗಾಗಿ ಒಂದಿಷ್ಟು ಅವಸರ, ಎಂದೆ.
"ಹಾಗಾದರೆ ಈ ಊರಿನಲ್ಲಿ
ಎಲ್ಲವೂ ಬೇಗ ಮುಗಿಯಬೇಕಲ್ಲ?"
ಅವನ ಪಾಸ್‌ಪೋರ್ಟು ಕಂಪೆನಿಯ ಕಪಾಟಿನಲ್ಲಿತ್ತು.
ಎರಡು ವರ್ಷ ಮುಗಿಯಲು
ಸರಿಯಾಗಿ ಎರಡು ವರ್ಷವೇ ಹಿಡಿಯಿತು.

ಈಗ ಅದೇ ಅಂಗಡಿಯಲ್ಲಿ ಫೋನಿನ ಕವಚ ಮಾರುತ್ತೇನೆ.
ಕಳೆದ ತಿಂಗಳು ಹೊಸ ಡಿಸ್ಕು ತರಿಸಿದೆ,
ಮೂಲ ಫಿಲ್ಮಿನಿಂದ ತೆಗೆದದ್ದು,
ಒಗೆದು, ಒರೆಸಿ, ಇಸ್ತ್ರಿ ಹಾಕಿ.
ಬಂಗೇರ ಮುಹರಕ್ಕಿನ ಮಗಳ ಮನೆಗೆ ಬಂದಿದ್ದ.
ಅದೇ ವಾರ ಕಣ್ಣಿನ ಪೊರೆ ತೆಗೆಸಿಕೊಂಡು
ಕಪ್ಪು ಕನ್ನಡಕದಲ್ಲಿ ಬಂದು ಕೂತ.

ಹೆಂಡತಿ ಬಂದಳು. ಮುಖ ಎತ್ತಿದಳು.
ಗೆರೆ ಇಲ್ಲ.
ಸಣ್ಣ ಮುತ್ತು, ಕೆನ್ನೆಗೆ, ಅದೂ ಗಡಿಬಿಡಿಯದು;
ಆಮೇಲೆ ಅವನ ತೋಳಿನಿಂದ ಒಂದು ನೂಲು ತೆಗೆದಳು.
ಮೂವತ್ತೆರಡು ವರ್ಷ ನಾವು ಏನೇನೋ ಅಂದುಕೊಂಡಿದ್ದೆವು.
ನೂಲು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಹತ್ತು ಸೆಕೆಂಡಿಗೆ ಈಗ ಹತ್ತೇ ಸೆಕೆಂಡು.
ಗೋಪುರದ ಬೋಲ್ಟುಗಳನ್ನು ಎಣಿಸಬಹುದು.
ಆದರೆ ಅಗಲ ಟಿವಿಗೆಂದು ಮೇಲೂ ಕೆಳಗೂ ಕೊಯ್ದು
ಮೇಲಿನ ಕೈಯೇ ಚಿತ್ರದಿಂದಾಚೆ.
ಮುಖಗಳೆಲ್ಲ ಮೇಣ.
ಬಂಗೇರ ಮುಂದಕ್ಕೆ ಬಾಗಿದ. "ಮಂಜೆಲ್ಲಿ?"

ಹೊಟ್ಟೆಯೊಳಗಿನ ಚಳಿಗೆ ಮೈಮೇಲೆ ಕಟ್ಟಿ
ರಾಕೆಟ್ಟು ಅದುರಿದಾಗ ಉದುರುತ್ತಿದ್ದ ಚಕ್ಕೆಗಳು,
ಹಳೆ ಗೋಡೆಯ ಸುಣ್ಣದ ಹಾಗೆ.
ಇಲ್ಲ.
ಕೊಳೆಯೆಂದು ತಿಳಿದು ಕಂಪ್ಯೂಟರು
ಒಂದೊಂದನ್ನೂ ಒರೆಸಿ ಹಾಕಿದೆ.
ಆಕಾಶ ತೊಳೆದಿಟ್ಟ ಸ್ಟೀಲಿನ ತಟ್ಟೆ.

ಅಟ್ಟದಿಂದ ಹಳೆಯ ಮೆಷಿನ್ನು ಇಳಿಸಿದೆ,
ಸ್ಪಿರಿಟ್ಟಿನಲ್ಲಿ ಅದರ ಹೆಡ್ಡು ಒರೆಸಿದೆ.
ಕ್ಯಾಸೆಟ್ಟು ನುಂಗಿತು, ಕೆಮ್ಮಿತು, ಹಿಡಿಯಿತು.
ಪರದೆಯ ತುಂಬ ಬಿಳಿ ಚುಕ್ಕೆ,
ಅರ್ಧ ಮಂಜು, ಅರ್ಧ ಸವೆದ ಟೇಪಿನ ತೂತು.
ಬಂಗೇರ ಕನ್ನಡಕ ತೆಗೆದು
ಗಾಜಿನ ಮೇಲೆ ಬೆರಳಿಟ್ಟ:
"ಇದು ಮಂಜು. ಇದು ನಿನ್ನ ಟೇಪು.
ಇದು ಮಂಜು. ಇದೂ."

ಕನ್ನಡಕ ತೆಗೆಯಬೇಡ ಅಂದಿಲ್ಲವಾ ಡಾಕ್ಟರು, ಎಂದೆ.
"ಸುಮ್ಮನಿರು," ಅಂದ, "ಕೈ ಸರಿಯುತ್ತಿದೆ."