ಹಿಂದುಹಿಂದಾಗಿ

ಈ ಬೆಳಿಗ್ಗೆ ಮನೆಯ ಮೆಟ್ಟಿಲನ್ನು
ಹಿಂದುಹಿಂದಾಗಿ ಇಳಿದೆ,
ಅಂಬೆಗಾಲಿನ ಕೂಸಿನ ಹಾಗೆ, ಎರಡೂ ಕೈ ಊರಿ.
ಕೆಳಗೆ ಚಹಾ ಹಿಡಿದು ನಿಂತಿದ್ದ ಗ್ವಿಲಿಮ್
ನಗಲಿಲ್ಲ. ನಗದಿರಲು ಪಟ್ಟ ಪಾಡಿಗೆ
ಅವನ ಕಿವಿಯೆಲ್ಲ ಕೆಂಪಾಗಿತ್ತು.

ನಿನ್ನೆ ಇದೇ ಹೊತ್ತಿಗೆ ನಾನು ಕಡಲಲ್ಲಿದ್ದೆ.
ರಬ್ಬರಿನ ಕರಿ ತೊಗಲು ತೊಟ್ಟು ಸಾವಿರ ಜನ
ಸೀಲ್‌ಗಳಂತೆ ಮರಳಲ್ಲಿ ಒತ್ತೊತ್ತಿ ನಿಂತಿದ್ದೆವು.
ಊರ ಗಂಡಸರ ಮೇಳ ವೇಲ್ಸ್‌ನ ನಾಡಗೀತೆ ಹಾಡಿತು,
ನಾನು ತುಟಿಯಾಡಿಸಿದೆ;
ದನಿ ಹೊಟ್ಟೆಯಿಂದ ಮೇಲೆ ಬರಲೊಲ್ಲದು.

ನನಗೆ ಐವತ್ತೆರಡು. ಹಾಲಿನ ಟ್ಯಾಂಕರು ಓಡಿಸುತ್ತೇನೆ.
ಈಜು ಕಲಿತದ್ದು ನಲವತ್ತೊಂಬತ್ತಕ್ಕೆ,
ಮಂಗಳವಾರದ ಕೊಳದಲ್ಲಿ, ತೋಳಿಗೆ ಬಲೂನು ಕಟ್ಟಿದ ಮಕ್ಕಳ ನಡುವೆ.
ಆರು ವರ್ಷದ ನೆಸ್ಟ್ ನನ್ನ ಗುರು:
"ಮೂಗಿಂದ ಗುಳ್ಳೆ ಬಿಡು, ಎಲುನೆಡ್,
ಹೆದರಿದರೂ ಗುಳ್ಳೆ ಬಿಡ್ತಾ ಇರು."
ಅದಕ್ಕಿಂತ ಹೆಚ್ಚಿನ ಉಪದೇಶ ಆಮೇಲೆ ಯಾರೂ ಕೊಟ್ಟಿಲ್ಲ.

ಯಾಕೆ ಇದೆಲ್ಲ, ಅಂದವರಿಗೆ
ದಿನಕ್ಕೊಂದು ಉತ್ತರ ಕೊಟ್ಟೆ.
ಯಾವುದೂ ಸುಳ್ಳಲ್ಲ.
ಯಾವುದೂ ಸಾಲದು.

ಯಾರದೋ ಹಿಮ್ಮಡಿ ಕನ್ನಡಕಕ್ಕೆ ಬಡಿಯಿತು;
ನಡುಗಡಲಲ್ಲಿ ತಲೆಯೆತ್ತಿ ಅವನು
"ಕ್ಷಮಿಸಿ ಮೇಡಂ" ಅಂದ, ಬಸ್ಸಲ್ಲಿ ಕಾಲು ತುಳಿದವನಂತೆ.
ದಡ ಹತ್ತಿ ಬಂದರೆ ಬಂಡೆಯ ಅಂಕುಡೊಂಕು ದಾರಿ,
ಕೊಕ್ಕೆಗೊಂದು ಚೀಲ, ಚೀಲದಲ್ಲಿ ಬೂಟು.
ಎಡಗಾಲಿನದರೊಳಗೆ ಗ್ವಿಲಿಮ್ ಒಂದು
ಪೆಪ್ಪರಮಿಂಟು ಇಟ್ಟಿದ್ದ.
ಆತುರದಲ್ಲಿ ಅದನ್ನು ತುಳಿದುಕೊಂಡೇ ಓಡಿದೆ.

ಆಮೇಲೆ ಸೈಕಲ್ಲು, ನೂರ ಎಂಬತ್ತು ಕಿಲೋಮೀಟರು.
ಅರ್ಧ ದಾರಿ ನನ್ನ ಹಾಲಿನ ದಾರಿಯೇ.
ಈ ದಿಬ್ಬಗಳು ನನಗೆ ಗೊತ್ತಿದ್ದದ್ದು
ಲಾರಿಯ ಗೇರುಗಳಲ್ಲಿ: ಇದು ಮೂರನೆಯದು, ಇದು ಎರಡನೆಯದು.
ತೊಡೆಗಳು ಓದುವ ಲಿಪಿಯೇ ಬೇರೆ.
ಎದುರುಗಾಳಿಗೆ ಬೈದೆ, ನನಗೆ ಬೈದೆ,
ಹೆಸರು ನೋಂದಾಯಿಸಿದ ಆ ರಾತ್ರಿಯ ವೈನಿಗೆ ಬೈದೆ.

ಇಡ್ವಲ್‌ನ ಕೊಟ್ಟಿಗೆಯ ಗೇಟು ಬಂತು.
ಹನ್ನೊಂದು ವರ್ಷದಿಂದ ಅವನ ಹಾಲು ಹೇರುತ್ತೇನೆ,
"ಮಳೆ ಬರುತ್ತೆ" ಎಂಬುದು ಬಿಟ್ಟು ಎರಡನೇ ಮಾತು ಕೇಳಿದವಳಲ್ಲ.
ನಿನ್ನೆ ಅವನು ಗೇಟು ಹತ್ತಿ ಕೂತಿದ್ದ,
ಸ್ಪ್ಯಾನರಿನಿಂದ ಬಕೀಟು ಬಡಿಯುತ್ತಿದ್ದ,
"ಎಲುನೆಡ್! ಎಲುನೆಡ್!" ಎಂದು
ಗಂಟಲು ಹರಿಯುವಂತೆ ಕೂಗುತ್ತಿದ್ದ.
ನನ್ನ ಹೆಸರು ಅವನಿಗೆ ಗೊತ್ತಿತ್ತು.
ಮುಂದಿನ ದಿಬ್ಬ ಹೇಗೆ ಹತ್ತಿದೆನೋ ನೆನಪಿಲ್ಲ.

ಓಟ ನಾಲ್ಕು ಸುತ್ತು.
ಸುತ್ತಿಗೊಂದು ಬಣ್ಣದ ಪಟ್ಟಿ ಮುಂಗೈಗೆ.
ಲೋಕದ ಬಂಗಾರವೆಲ್ಲ ಬೇಡ,
ಮುಂದೆ ಓಡುವ ಹೆಂಗಸಿನ ಆ ಹಳದಿ ಪಟ್ಟಿ ಬೇಕು,
ಕದಿಯುವಷ್ಟು ಬೇಕು.
ಮೂರನೇ ಸುತ್ತಿಗೆ ಚರ್ಚಿನ ಗೋಡೆಯ ಹಿಂದೆ
ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ
ಕಲ್ಲಿನ ಮೇಲೆ ಕೂತುಬಿಟ್ಟೆ. ಸಾಕು ಅಂದೆ.
ಸಾಕು ಅನ್ನುವುದು ಎಷ್ಟು ಮೆತ್ತಗಿರುತ್ತದೆ!

ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದ,
ಪೋಲೆಂಡಿನ ಹಲ್ಲಿನ ವೈದ್ಯ, ಬೋಗುಮಿಲ್.
ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಇಂಗ್ಲಿಷು, ಒಂದು ಬಾಳೆಹಣ್ಣು.
ಎದ್ದೆವು. ಯಾರು ಮೊದಲು ಎದ್ದರೆಂದು ಕೇಳಬೇಡಿ.
ದೀಪದ ಕಂಬ ಎಣಿಸುತ್ತ ಹೊರಟೆವು:
ಅವನ ನುಡಿಯಲ್ಲಿ ಒಂದು,
ನನ್ನ ನುಡಿಯಲ್ಲಿ ಎರಡು,
ಅವನ ಮೂರು, ನನ್ನ ನಾಲ್ಕು.
ಇನ್ನೂರ ಹದಿನೆಂಟರ ಹೊತ್ತಿಗೆ
ಅವನ ಕಾಲು ಓಡಲು ಒಪ್ಪಿತು, ನನ್ನದು ಇಲ್ಲ.
"ಹೋಗು" ಅಂದೆ, ವೆಲ್ಷ್‌ನಲ್ಲಿ. ಅರ್ಥವಾಯಿತು.
ಉಳಿದ ಕಂಬಗಳನ್ನು ಒಬ್ಬಳೇ ಎಣಿಸಿದೆ,
ಅವನ ಪಾಲಿನವಕ್ಕೆ ಜಾಗ ಬಿಟ್ಟು.

ಹನ್ನೆರಡಕ್ಕೆ ಹನ್ನೊಂದು ನಿಮಿಷ ಇತ್ತು.
ಮೂರು ವರ್ಷದಿಂದ ಕೂಡಿಟ್ಟಿದ್ದ ಅಳು
ಗೆರೆ ದಾಟಿದಾಗ ಬರಲೇ ಇಲ್ಲ.
ಕರಿದ ಆಲೂಗಡ್ಡೆ ಬೇಕು ಅನ್ನಿಸಿತು, ಅಷ್ಟೆ,
ತೊಟ್ಟಿಕ್ಕುವಷ್ಟು ವಿನಿಗರ್ ಹಾಕಿದ್ದು.

ಹಸುಗಳಿಗೆ ಇದ್ಯಾವುದೂ ಗೊತ್ತಿಲ್ಲ.
ಮಧ್ಯಾಹ್ನದ ಪಾಳಿಗೆ, ಮೊಣಕಾಲನ್ನು ಕೈಯಲ್ಲೇ ಎತ್ತಿಟ್ಟು
ಲಾರಿ ಹತ್ತಿದೆ. ಪ್ರತಿ ಕ್ಲಚ್ಚಿಗೂ ಒಂದು ಬೈಗುಳ.

ಇಡ್ವಲ್‌ನ ಅಂಗಳದಲ್ಲಿ
ಪೈಪನ್ನು ಎಳೆದು ತಂದು, ತೊಟ್ಟಿಗೆ ಜೋಡಿಸಿ,
ತಿರುಪು ಬಿಗಿದು ನಿಂತಿದ್ದ ಅವನೇ;
ನಾನು ಬಗ್ಗುವುದು ಬೇಡವೆಂದು.
ಹಾಲು ಗುಳುಗುಳು ಇಳಿಯಿತು.
ಇಬ್ಬರೂ ಆಕಾಶ ನೋಡಿದೆವು.

"ಮಳೆ ಬರುತ್ತೆ" ಅಂದ.

"ಬರಬಹುದು" ಅಂದೆ.