ಕಚ್ಚು

ಇಳಕಲ್ಲ ಬಸ್‌ಸ್ಟ್ಯಾಂಡಿನೆದುರು, ಮಹಡಿ ಮೇಲಿನ ದವಾಖಾನೆ.
ನೀಲಿ ಕಾಗದದ ಚೂರು ನಡುವಿಟ್ಟು
“ಕಚ್ಚ್ರಿ” ಅಂದ ಡಾಕ್ಟರ್, “ಈಗ ಅರೀರಿ, ಎಮ್ಮಿ ಹಂಗ.”

ಮೇಲಿನ ದಿನ್ನೆ ಕೆಳಗಿನ ತಗ್ಗಿನಲ್ಲಿ ಕೂರಬೇಕು.
ನೀಲಿ ಹೆಚ್ಚಾದಲ್ಲಿ ಕೂದಲೆಳೆಯಷ್ಟು ತಿಕ್ಕಿದ,
ಮತ್ತೆ ಕಚ್ಚಿಸಿದ, ಮತ್ತೆ ತಿಕ್ಕಿದ.
ಒಡಲಿಗೆ ಸೆರಗು ಕೊಂಡಿ ಬಿದ್ದಂತೆ
ಕೂತವು
ಹಲ್ಲಿಗೆ ಹಲ್ಲು.

ಬನವ್ವ ಕನ್ನಡಿ ನೋಡಿದಳು.
ಹೊಸ ಮುಂದಿನ ಹಲ್ಲು ಬೆಳ್ಳಗೆ, ಸಪಾಟು.
ಉಡಿಯಿಂದ ಕೆಂಪು ರೇಶ್ಮೆಯ ಎಳೆಯೊಂದ ತೆಗೆದು
ಕಚ್ಚಿದಳು.
ಜಾರಿತು.

“ನಲವತ್ತು ವರ್ಷ ದಾರ ಕಡದು ಕಡದು
ನನ್ನ ಹಲ್ಲಾಗ ಒಂದು ಕಚ್ಚು ಬಿದ್ದಿತ್ತಲ್ರೀ,
ಅದನ್ಯಾಕ ಮುಚ್ಚಿದ್ರಿ?”

ಡಾಕ್ಟರ್ ನಕ್ಕ. ಆಮೇಲೆ ನಗಲಿಲ್ಲ.
ಎಳೆಯನ್ನು ಇಸಕೊಂಡು
ಕಿಟಕಿಯ ಬೆಳಕಿಗೆ ಹಿಡಿದು
ದಪ್ಪ ನೋಡಿದ.